ಸುಣ್ಣದ ಬೆರಳು

ನಮ್ಮೂರಿನಲ್ಲಿ ಯಾರಾದರೂ ಎದುರು ಸಿಕ್ಕರೆ ಊಟ ಆಯ್ತಾ ಎಂದು ಕೇಳುವ ವಾಡಿಕೆ ಇಲ್ಲ. ಪೊರೆ ಬಿಡ್ತಾ ಎಂದು ಕೇಳುತ್ತೇವೆ. ಊಟ ಆಗಿದೆಯೋ ಇಲ್ಲವೋ ಮುಖ ನೋಡಿದರೇ ಗೊತ್ತಾಗುತ್ತದೆ. ಮನೆಯ ಸೀಗಡಿ ಪೊರೆ ಬಿಟ್ಟಿದೆಯೇ ಎಂಬುದನ್ನು ಮಾತ್ರ ಬಾಯಿಬಿಟ್ಟು ಕೇಳಿಯೇ ತಿಳಿಯಬೇಕು.

ಮನೆಗೊಂದು ಮಣ್ಣಿನ ಮಡಕೆ, ಮಡಕೆಗೊಂದು ಸೀಗಡಿ. ಕಿರುಬೆರಳಿನ ಅರ್ಧ ಉದ್ದ ಇರುತ್ತದೆ, ಮೈಯೊಳಗಿನ ಕರುಳು ಕಾಣುವಷ್ಟು ತಿಳಿ. ಮಡಕೆಗೆ ಹೊಯ್ಯುವುದು ಊರ ಕಲ್ಯಾಣಿಯ ನೀರು. ಇಬ್ಬರು ಜಗಳವಾಡಿ ಒಬ್ಬರು ಇನ್ನೊಬ್ಬರಿಗೆ ಟೂ ಬಿಟ್ಟರೆ ಆ ಇಬ್ಬರ ನಡುವೆ ನಾಲಿಗೆ ಕಟ್ಟಿಬಿಡುತ್ತದೆ. ಬೇರೆಯವರ ಜೊತೆ ಹರಟೆ ಹೊಡೆಯಬಹುದು, ದನಕ್ಕೆ ಬೈಯಬಹುದು, ದೇವರಿಗೆ ಹಾಡಬಹುದು. ಆ ಒಬ್ಬರ ಮುಂದೆ ಮಾತ್ರ ಬಾಯಿ ತೆರೆದರೆ ಗಾಳಿ ಬರುತ್ತದೆ, ಮಾತು ಬರುವುದಿಲ್ಲ. ಟೂ ಬಿಟ್ಟವರ ಮನೆಯ ಸೀಗಡಿ ಹಳೆಯ ಪೊರೆ ಕಳಚಿ ಈಚೆ ಬಂದ ಗಳಿಗೆಗೆ ನಾಲಿಗೆ ಸಡಿಲವಾಗುತ್ತದೆ. ಅಮಾವಾಸ್ಯೆಯಿಂದ ಹುಣ್ಣಿಮೆಯೊಳಗೆ ಹೇಗೂ ಒಂದು ಪೊರೆ ಬಿಡುತ್ತಿತ್ತಾದ್ದರಿಂದ ನಮ್ಮಲ್ಲಿ ಯಾವ ಜಗಳವೂ ಅದಕ್ಕಿಂತ ಹೆಚ್ಚು ಬಾಳಿದ್ದಿಲ್ಲ. ಎಷ್ಟೋ ಸಲ ನಾಲಿಗೆ ಬಿಚ್ಚಿಕೊಳ್ಳುವಷ್ಟರಲ್ಲಿ ಜಗಳ ಯಾತಕ್ಕೆ ಶುರುವಾಯಿತೆಂಬುದೇ ಮರೆತುಹೋಗಿರುತ್ತಿತ್ತು.

ಹಾಗೆ ಟೂ ಬಿಟ್ಟವರ ನಡುವೆ ಮಾತು ಹೊರುವವರಿಗೆ ನಡುಬಾಯಿ ಎನ್ನುತ್ತೇವೆ. ಕೆಳಗಿನ ಕೇರಿಗೆ ನಾನೇ ನಡುಬಾಯಿ. ಹೆಸರು ಸಂಪಿಗಮ್ಮ. ಬೆನ್ನ ಹಿಂದೆ ಜನ ಬಾಯಿಸಂಪಿಗೆ ಎನ್ನುತ್ತಾರೆಂಬುದೂ ನನಗೆ ಗೊತ್ತು. ಹೆಂಡತಿಗೆ ಟೂ ಬಿಟ್ಟ ಗಂಡ ಸಾರಿಗೆ ಉಪ್ಪು ಕಡಿಮೆ ಎಂದು ತಿಳಿಸಲು ನನಗೆ ಹೇಳಿಕಳಿಸುತ್ತಾನೆ. ನಾನು ಕೇರಿ ದಾಟಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನು ಹೇಳುವಷ್ಟರಲ್ಲಿ ಅವನು ಮಜ್ಜಿಗೆ ಅನ್ನಕ್ಕೆ ಬಂದಿರುತ್ತಾನೆ. ಇಬ್ಬರ ಜಗಳ ಮೂರನೆಯವರಿಗೆ ಲಾಭ ಎನ್ನುತ್ತಾರಲ್ಲ, ಆ ಮೂರನೆಯವಳು ನಾನು.

ಈಗ ದೇವೀರಮ್ಮನ ವಿಷಯಕ್ಕೆ ಬರುತ್ತೇನೆ. ಆ ವರ್ಷ ಕಲ್ಯಾಣಿಯ ಯಜಮಾನಿಕೆ ಅವಳದಾಗಿತ್ತು. ಮಡಿಮೈಲಿಗೆಯ ಹೆಂಗಸಲ್ಲ, ಶುಚಿಯ ಹೆಂಗಸು. ಕಸಬರಿಕೆಯನ್ನು ಕೂಡ ತೊಳೆದು ಬಿಸಿಲಿಗೆ ಒಣಹಾಕುವವಳು. ಅವಳ ಅಂಗಳದಲ್ಲಿ ಕಾಗೆ ಕೂರಲು ಹೆದರುತ್ತದೆ ಎಂದು ನಾವೆಲ್ಲ ನಗುತ್ತಿದ್ದೆವು. ತಾಯಿ ತೀರಿಕೊಂಡಾಗ ಅವಳ ತಂಗಿ ಚಿಕ್ಕತಾಯಮ್ಮನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ತಲೆ ಬಾಚಿ, ತುತ್ತಿಟ್ಟು, ಮದುವೆ ಮಾಡಿ, ಬಾಣಂತನ ಮಾಡಿ ಸಾಕಿದವಳು ದೇವೀರಮ್ಮನೇ. ಅಷ್ಟೆಲ್ಲ ಮಾಡಿದವಳಿಗೆ ತಂಗಿಯ ಒಂದೇ ಒಂದು ಚಟವನ್ನು ಬಿಡಿಸಲಾಗಲಿಲ್ಲ. ತಾಯಮ್ಮ ಎಲೆಅಡಿಕೆ ಇಲ್ಲದೆ ಒಂದು ಗಳಿಗೆ ಇರಳು.

ಕಲ್ಯಾಣಿಯ ಮೆಟ್ಟಿಲ ಪಕ್ಕದಲ್ಲಿ ನೀರಿಗೆ ಅಂಟಿಕೊಂಡಂತೆ ಒಂದು ಕಲ್ಲುಕಂಬ. ನೀರಿಗೆ ಬಂದವರು ಅಲ್ಲಿ ಕೂತು ಎಲೆ ಹಾಕಿಕೊಂಡು, ಬೆರಳಲ್ಲಿ ಉಳಿದ ಸುಣ್ಣವನ್ನು ಆ ಕಂಬಕ್ಕೆ ಒರೆಸುತ್ತಿದ್ದರು. ನಮ್ಮಜ್ಜಿ ಒರೆಸಿದ್ದಳು, ಅವಳಜ್ಜಿಯೂ ಒರೆಸಿರಬೇಕು. ಸುಣ್ಣ ಪದರು ಪದರಾಗಿ ಒಣಗಿ ಕಂಬ ಹಲಸಿನ ಹಣ್ಣಿನಂತೆ ಮುಳ್ಳುಮುಳ್ಳಾಗಿ ಊದಿಕೊಂಡಿತ್ತು. ಮಳೆ ಬಂದಾಗ ಒಂದಿಷ್ಟು ತೊಳೆದುಹೋಗುತ್ತಿತ್ತು, ಬಿಸಿಲು ಬಂದಾಗ ಮತ್ತಷ್ಟು ಮೆತ್ತಿಕೊಳ್ಳುತ್ತಿತ್ತು. ಅದನ್ನು ನೋಡಿದಾಗಲೆಲ್ಲ ದೇವೀರಮ್ಮನಿಗೆ ಮೈ ಉರಿಯುತ್ತಿತ್ತು. ಯಜಮಾನಿಕೆ ಕೈಗೆ ಬಂದದ್ದೇ ತಡ, ಮುಂಗಾರಿಗೆ ಮೊದಲು, ಹುಣಸೆಹುಳಿ ಕಿವುಚಿಕೊಂಡು ತೆಂಗಿನ ನಾರು ಹಿಡಿದು ಕೂತಳು. ಹುಳಿ ತಾಗಿದ ಕಡೆಯೆಲ್ಲ ಸುಣ್ಣ ನೊರೆಗಟ್ಟಿ ಇಳಿಯಿತು. ಒಳಗಿಂದ ಒಂದು ಕಲ್ಲಿನ ಬಳ್ಳಿ ಹೊರಬಂತು, ಬಳ್ಳಿಯ ತುದಿಯಲ್ಲಿ ಹೂವು, ಹೂವಿನ ಮೇಲೆ ಗಿಳಿ. ಊರೆಲ್ಲ ಬಂದು ನೋಡಿ ಬಾಯಿ ಮೇಲೆ ಬೆರಳಿಟ್ಟುಕೊಂಡಿತು. ನಾನೂ ಹೊಗಳಿದೆ, ಸುಳ್ಳೇಕೆ. ಇನ್ನು ಮೇಲೆ ಯಾರೂ ಇದಕ್ಕೆ ಸುಣ್ಣದ ಕೈ ತಾಗಿಸಕೂಡದು ಎಂದು ದೇವೀರಮ್ಮ ಕಟ್ಟು ಮಾಡಿದಳು. ಎಲ್ಲರೂ ಹೂಂಗುಟ್ಟಿದರು.

ತಾಯಮ್ಮನೂ ಹೂಂಗುಟ್ಟಿದ್ದಳು. ಆದರೆ ಬೆರಳಿಗೆ ಬುದ್ಧಿ ಇರಬೇಕಲ್ಲ. ಜನ ಇನ್ನೂ ಗಿಳಿ ನೋಡುತ್ತ ನಿಂತಿರುವಾಗಲೇ ಅವಳು ಎಲೆ ಮಡಚಿ ಬಾಯಿಗಿಟ್ಟುಕೊಂಡು, ಯಾರ ಜೊತೆಯೋ ನಗುತ್ತ ನಗುತ್ತ, ಸುಣ್ಣದ ಬೆರಳನ್ನು ಗಿಳಿಯ ಕೊಕ್ಕಿಗೇ ಒರೆಸಿಬಿಟ್ಟಳು.

"ಏನೇ ಅದು?" ದೇವೀರಮ್ಮ ಕಿರುಚಿದಳು. "ಕೈ ಬೊಬ್ಬೆ ಬರೋ ಹಾಗೆ ಉಜ್ಜಿದೀನಿ. ನಿನಗೆ ಕಣ್ಣಿಲ್ವಾ?"

"ಅಯ್ಯೋ, ಮರೆತೆ ಕಣಕ್ಕ. ಒರೆಸಿಬಿಡ್ತೀನಿ ಬಿಡು," ಎಂದು ತಾಯಮ್ಮ ಸೆರಗಿನ ತುದಿ ಹಿಡಿದಳು. ನಗು ಮಾತ್ರ ಇನ್ನೂ ಬಾಯಲ್ಲೇ ಇತ್ತು. ಆ ನಗುವೇ ಕೆಡಿಸಿದ್ದು.

"ಟೂ," ಎಂದಳು ದೇವೀರಮ್ಮ, ಊರೆದುರಿಗೆ.

ನಾನು ಒಳಗೊಳಗೇ ಲೆಕ್ಕ ಹಾಕಿದೆ, ಹುಣ್ಣಿಮೆಯವರೆಗೆ ಈ ಎರಡು ಮನೆಗಳ ನಡುವೆ ನನಗೆ ಓಡಾಟ ಇದೆ ಎಂದು. ಹುಣ್ಣಿಮೆ ಬಂತು, ಹೋಯಿತು. ಮುಂಗಾರು ಸುರಿದು ಕಲ್ಯಾಣಿ ತುಂಬಿತು. ನೀರು ಎಷ್ಟು ಚೆನ್ನಾಗಿತ್ತೆಂದರೆ ಹೆಂಗಸರೆಲ್ಲ ಅದನ್ನೇ ಮಾತಾಡಿಕೊಂಡರು. ಬೇಳೆ ಇಟ್ಟರೆ ಬೆಣ್ಣೆಯಂತೆ ಬೇಯುತ್ತಿತ್ತು. ಸೋಪು ತಾಗಿಸಿದರೆ ಸಾಕು, ಮೊಣಕೈವರೆಗೆ ನೊರೆ. ಕಂಬ ತೊಳೆದ ಪುಣ್ಯ ನೋಡಿ ಎಂದು ದೇವೀರಮ್ಮನನ್ನು ಹೊಗಳಿದ್ದೇ ಹೊಗಳಿದ್ದು. ಮಡಕೆಯೊಳಗಿನ ಸೀಗಡಿಗಳು ಮಾತ್ರ ಪೊರೆ ಬಿಡಲಿಲ್ಲ. ಕೆಲವು ಬಿಡಲು ಹೋಗಿ, ಕುತ್ತಿಗೆಯ ಸುತ್ತ ಬಿಳಿ ಉಂಗುರದಂತೆ ಬಿರುಕು ಬಿಟ್ಟು, ಅರ್ಧ ಒಳಗೆ ಅರ್ಧ ಹೊರಗೆ ಸಿಕ್ಕಿಹಾಕಿಕೊಂಡು ಸತ್ತವು. ಉಳಿದವೂ, ಸತ್ತವುಗಳ ಜಾಗಕ್ಕೆ ತಂದವೂ ಪೊರೆ ಬಿಡಲಾರದೆ, ನೆನೆದ ಅವಲಕ್ಕಿಯಂತೆ ಮೆತ್ತಗಾಗಿ ತಳ ಹಿಡಿದವು.

ತಾಮ್ರ ತಾಗಿರಬೇಕು ಎಂದರು ಹಿರಿಯರು. ತಾಮ್ರದ ನೀರು ಸೀಗಡಿಗೆ ವಿಷ ಎಂಬುದು ನಮ್ಮೂರಿನಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಮನೆಮನೆಯ ತಾಮ್ರದ ಕೊಡ, ತಂಬಿಗೆ, ಹಂಡೆ ಎಲ್ಲ ಅಟ್ಟ ಸೇರಿದವು. ಮಣ್ಣಿನ ಕೊಡದಲ್ಲೇ ನೀರು ತಂದೆವು. ಏನೂ ಪ್ರಯೋಜನವಾಗಲಿಲ್ಲ. ಟೂಗಳ ಮೇಲೆ ಟೂಗಳು ಪೇರಿಕೊಂಡವು. ಗಂಡಹೆಂಡಿರು, ಅತ್ತೆಸೊಸೆಯರು, ಒಂದೇ ಬೆಂಚಿನ ದರ್ಜಿಗಳು ಎಲ್ಲರೂ ಮೂಕರಾದರು. ಪಂಚಾಯಿತಿ ಕಟ್ಟೆಯಲ್ಲಿ ಇಬ್ಬಿಬ್ಬರ ನಡುವೆ ಒಬ್ಬ ನಡುಬಾಯಿ ಕೂರಬೇಕಾಯಿತು. ಮಾತು ಬೆಳ್ಳಿ, ಮೌನ ಬಂಗಾರ ಎಂದವರು ಆ ದೀಪಾವಳಿಗೆ ನಮ್ಮೂರಿಗೆ ಬರಬೇಕಿತ್ತು. ಊರ ತುಂಬ ಬಂಗಾರವೇ, ಪಟಾಕಿ ಬಿಟ್ಟರೆ ಇನ್ನೊಂದು ಸದ್ದಿಲ್ಲ. ನನ್ನ ಗಂಟಲು ಕಟ್ಟಿಹೋಗಿ, ಮೆಣಸಿನ ಕಷಾಯ ಕುಡಿದುಕೊಂಡು ಓಡಾಡುತ್ತಿದ್ದೆ.

ಆಗಲೇ ತಾಯಮ್ಮನ ಗಂಡ ಬೋರಲಿಂಗಯ್ಯ ಊರು ಬಿಡುವ ಮಾತೆತ್ತಿದ್ದು. ಅವನು ಗಾಣ ಕಟ್ಟುವವನು. ಘಟ್ಟದಾಚೆಯ ಊರೊಂದರಲ್ಲಿ ಅವನಿಗೆ ಕೈತುಂಬ ಕೆಲಸ ಕಾದಿತ್ತು. ಮಗಳನ್ನು ಕೊಟ್ಟಿದ್ದೂ ಅಲ್ಲೇ. ಸಂಕ್ರಾಂತಿ ಮುಗಿಸಿ ಸಂಸಾರ ಸಮೇತ ಹೋಗುವುದೆಂದಾಯಿತು.

ಬೇರೆ ಊರಿನವರಿಗೆ ಇದರಲ್ಲಿ ಅಂಥದ್ದೇನಿದೆ ಎನಿಸಬಹುದು. ನಮ್ಮಲ್ಲಿ ಟೂ ಇರುವಾಗ ಎಲ್ಲೆಕಲ್ಲು ದಾಟಿದರೆ ಮುಗಿಯಿತು, ಆ ಟೂ ಸಾಯುವವರೆಗೂ ಬಿಡುವುದಿಲ್ಲ. ಆಮೇಲೆ ಎಷ್ಟು ಪೊರೆ ಬಿಟ್ಟರೂ ಅಷ್ಟೇ. ಮೇಲಿನ ಕೇರಿಯ ಸಿದ್ದೇಗೌಡರ ತಮ್ಮ ಹಾಗೆ ದಾಟಿ ಹೋದವನು. ಹಬ್ಬಕ್ಕೆ ಬಂದಾಗಲೆಲ್ಲ ಅಣ್ಣತಮ್ಮಂದಿರು ಜಗಲಿಯ ಮೇಲೆ ಎದುರುಬದುರು ಕೂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಕೊನೆಗೆ ಬರುವುದೇ ನಿಂತುಹೋಯಿತು.

ಸುದ್ದಿ ತಿಳಿದ ದಿನ ದೇವೀರಮ್ಮ ನನ್ನನ್ನು ಕರೆಸಿಕೊಂಡಳು.

"ಹೋಗಿ ಏನು ಹೇಳ್ಲಿ?" ಎಂದು ಕೇಳಿದೆ. "ತಪ್ಪಾಯ್ತು ಅಂತ ಹೇಳ್ಬಿಡಲಾ?"

"ಬೇಡ ಸಂಪಿಗೆ. ಅದನ್ನ ನಿನ್ನ ಬಾಯಲ್ಲಿ ಹೇಳಿಸಿದ್ರೆ ಹಳಸಿದ ಅನ್ನ ಬಡಿಸಿದ ಹಾಗಾಗುತ್ತೆ. ಸಾಕಿದೋಳು ನಾನು. ನನ್ನ ಬಾಯಲ್ಲೇ ಬರ್ಬೇಕು."

ಆ ಕಡೆ ತಾಯಮ್ಮನೂ ಕಡಿಮೆಯವಳಲ್ಲ. "ಊರಿಗೆಲ್ಲ ಬೆಣ್ಣೆ, ನನ್ನ ಕಣ್ಣಿಗೊಂದು ಸುಣ್ಣ ಇಟ್ಲು ಅಂತ ಹೇಳು ಅಕ್ಕಂಗೆ," ಎಂದು ಸಿಡುಕಿದಳು. ನಾನು ಮೆಟ್ಟಿಲಿಳಿಯುವಷ್ಟರಲ್ಲಿ ಮತ್ತೆ ಕೂಗಿ, "ಸಂಪಿಗಕ್ಕ, ಅದನ್ನ ಹೇಳ್ಬೇಡ. ಮಂಡಿನೋವು ಹೇಗಿದೆ ಅಂತ ಕೇಳು," ಎಂದಳು. ಎರಡನ್ನೂ ಹೇಳಿದೆ. ಬಂದ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡರೆ ನನಗೆ ಅಜೀರ್ಣವಾಗುತ್ತದೆ.

ಆ ಅಜೀರ್ಣದಿಂದಲೇ ಊರಿಗೆ ಒಳ್ಳೆಯದಾಯಿತೆಂದು ನಾನು ಹೇಳಿದರೆ ಜನ ನಗುತ್ತಾರೆ. ಒಂದು ದಿನ ತಾಯಮ್ಮ ಮಜ್ಜಿಗೆ ತರಲು ಒಳಗೆ ಹೋದಾಗ ಅವಳ ಮನೆಯ ಮಡಕೆಯೊಳಗೆ ಇಣುಕಿದೆ. ಸೀಗಡಿ ತನ್ನದೇ ಪೊರೆಯನ್ನು ಕಾಲುಗಳಲ್ಲಿ ಹಿಡಿದುಕೊಂಡು ಹಪ್ಪಳದಂತೆ ಮುರಿದು ತಿನ್ನುತ್ತಿತ್ತು. ಪೊರೆ ಬಿಟ್ಟ ಸೀಗಡಿ ಹಾಗೆ ತಿನ್ನುವುದು ಲೋಕರೂಢಿ. ಆದರೆ ಊರಲ್ಲಿ ಯಾರ ಮನೆಯದೂ ಬಿಡದಿರುವಾಗ ಇವಳ ಮನೆಯದು!

"ಬಾಯಿ ಮುಚ್ಕೊಂಡಿರು ಸಂಪಿಗಕ್ಕ, ನಿನ್ನ ದಮ್ಮಯ್ಯ," ತಾಯಮ್ಮ ಲೋಟ ಹಿಡಿದುಕೊಂಡೇ ಗೋಗರೆದಳು. "ಊರೆಲ್ಲ ಸೂತಕದಲ್ಲಿರೋವಾಗ ನಮ್ಮನೇಲಿ ಹಬ್ಬ ಅಂತ ಹೇಳ್ಕೊಳಕ್ಕಾಗುತ್ತಾ? ಏನೋ ಮಾಟ ಮಾಡಿಸಿದಾಳೆ ಅಂತಾರೆ. ನಮ್ಮದು ಬಿಟ್ರೂ ಏನುಪಯೋಗ, ಟೂ ಬಿಟ್ಟೋಳು ಅಕ್ಕ. ಅವಳ ಮನೇದು ಬಿಡ್ಬೇಕಲ್ಲ."

ಆಣೆ ಇಟ್ಟೆ. ಆಣೆ ಇಟ್ಟ ಬಾಯಲ್ಲೇ ಮಜ್ಜಿಗೆ ಕುಡಿದು ಸೀದಾ ದೇವೀರಮ್ಮನ ಮನೆಗೆ ಹೋದೆ.

ದೇವೀರಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕೈಗೆ ಮೆತ್ತಿದ ಸೋಪಿನ ನೊರೆ ಎಷ್ಟು ನೀರು ಹೊಯ್ದರೂ ಬಿಡದೆ ಜಾರುತ್ತಲೇ ಇತ್ತು. ನನ್ನ ಸುದ್ದಿ ಕೇಳಿದವಳು ಆ ಕೈಗಳನ್ನೇ ನೋಡುತ್ತ ಕೂತುಬಿಟ್ಟಳು.

"ಇದು ಮಳೆನೀರು ಕಣೇ," ಎಂದಳು ನಿಧಾನವಾಗಿ. "ಸೂರಿನ ಕೆಳಗೆ ಪಾತ್ರೆ ಇಟ್ಟು ಹಿಡೀತೀವಲ್ಲ, ಆ ನೀರಲ್ಲಿ ಹೀಗೇ ನೊರೆ ಬರೋದು. ಕಲ್ಯಾಣಿ ನೀರಲ್ಲಿ ಯಾವತ್ತು ಬಂದಿತ್ತು ಹೇಳು? ಅದರಲ್ಲಿ ಮೊದಲು ಏನೋ ಇತ್ತು. ಈಗ ಇಲ್ಲ. ನಮ್ಮ ತಾಯಮ್ಮನ ಮನೆ ಮಡಕೇಲಿ ಅದು ಇದೆ."

ಒದ್ದೆ ಕೈಯಲ್ಲೇ ಎದ್ದು ನಡೆದಳು. ನಾನು ಹಿಂದೆ. ತಂಗಿಯ ಮನೆಯ ಹೊಸ್ತಿಲು ದಾಟಿ ಮಾತಿಲ್ಲದೆ ಮಡಕೆಯ ಮುಂದೆ ಕೂತಳು. ತಾಯಮ್ಮ ನನ್ನತ್ತ ನೋಡಿದ ನೋಟಕ್ಕೆ ನಾನು ನಡುಮನೆಯ ಕಂಬದ ಮರೆಗೆ ಸರಿದೆ. ಮಡಕೆಯ ಅಂಚಿನ ಸುತ್ತ ಬಿಳಿಬಿಳಿ ಗೀರು. ಒಂದರ ಮೇಲೊಂದು, ಒಣಗಿದ್ದು, ಹಸಿಯದು, ಬೆರಳಿನ ಗೆರೆಗಳು ಕೂಡ ಕಾಣುವಂತೆ. ಕಲ್ಯಾಣಿಯ ಕಂಬಕ್ಕೆ ಒರೆಸಬಾರದೆಂದ ಮೇಲೆ ತಾಯಮ್ಮ ಮನೆಯಲ್ಲೇ ಎಲೆ ಹಾಕಿಕೊಂಡು, ಮಡಕೆಯ ಕಂಠಕ್ಕೇ ಕೈ ಒರೆಸಿಕೊಳ್ಳುತ್ತಿದ್ದಳು. ದಿನಾ ನೀರು ಹೊಯ್ಯುವಾಗ ಅದು ಇಷ್ಟಿಷ್ಟೇ ಕರಗಿ ಒಳಗಿಳಿಯುತ್ತಿತ್ತು.

ದೇವೀರಮ್ಮ ಆ ಗೀರುಗಳ ಮೇಲೆ ಕೈಯಾಡಿಸಿದಳು. ಅವಳ ಕಣ್ಣಲ್ಲಿ ನೀರು ಬಂತು. ಆಮೇಲೆ ನಗು ಬಂತು. ಆಮೇಲೆ ಎರಡೂ ಒಟ್ಟಿಗೆ ಬಂದು, ನೋಡಲಾಗದಂತೆ ಆಯಿತು ಮುಖ. ಮೈಗೆ ಗಟ್ಟಿ ಪೊರೆ ಕಟ್ಟಿಕೊಳ್ಳಲು ಸೀಗಡಿಗೆ ಸುಣ್ಣ ಬೇಕಿತ್ತು. ಊರಿನ ನೀರಿಗೆ ಅಷ್ಟು ಕಾಲದಿಂದ ಸುಣ್ಣ ಉಣಿಸುತ್ತಿದ್ದುದು ಆ ಹೊಲಸು ಕಂಬ. ಅದನ್ನು ಹುಣಸೆಹುಳಿ ಹಾಕಿ ಉಜ್ಜಿ ಉಜ್ಜಿ ತೆಗೆದವಳು ಇವಳು. ಮಾಡಿದ್ದುಣ್ಣೋ ಮಹಾರಾಯ ಎನ್ನುವುದು ಇದಕ್ಕೇ.

ದೇವೀರಮ್ಮ ಅರ್ಧಂಬರ್ಧ ಕೆಲಸದವಳಲ್ಲ. "ನನ್ನ ಮಡಕೆ ಒಂದು ಸರಿ ಮಾಡ್ಕೊಂಡ್ರೆ ಸಾಲದು, ನಾನು ಕೆಡಿಸಿದ್ದು ಊರ ನೀರು," ಎಂದು ಅಂಗಳಕ್ಕೆ ಬಂದು ನನಗೆ ಹೇಳಿದವಳೇ ಸುಣ್ಣದ ಗೂಡಿಗೆ ಹೋಗಿ, ಹಸಿಸುಣ್ಣವನ್ನು ಬುಟ್ಟಿ ತುಂಬಿಸಿಕೊಂಡು, ತಲೆಯ ಮೇಲೆ ಹೊತ್ತು ಕಲ್ಯಾಣಿಗೆ ಬಂದಳು. ದಾರಿಯಲ್ಲಿ ಸಿಕ್ಕವರೆಲ್ಲ ಹಿಂದೆ ಬಂದರು. ಅವಳು ಮೆಟ್ಟಿಲಿಳಿದು ನೀರಿನಂಚಿಗೆ ನಿಂತು ಬುಟ್ಟಿ ಓರೆ ಮಾಡುತ್ತಿದ್ದಾಳೆ, ಅಷ್ಟರಲ್ಲಿ ತಾಯಮ್ಮ ಜನರನ್ನು ಸೀಳಿಕೊಂಡು ಓಡಿಬಂದು ಅಕ್ಕನ ರಟ್ಟೆ ಹಿಡಿದಳು. ನಾನಿನ್ನೂ ಮೇಲಿನ ಮೆಟ್ಟಿಲಲ್ಲಿದ್ದೆ. ನಡುಬಾಯಿಯನ್ನು ಕರೆಯುವಷ್ಟು ಸಮಯವೇ ಇರಲಿಲ್ಲ.

ತಾಯಮ್ಮ ಬಾಯಿ ತೆರೆದಳು, ಗಾಳಿ ಬಂತು. ದೇವೀರಮ್ಮ ಕೊಸರಿಕೊಂಡಳು. ಆಗ ತಾಯಮ್ಮ ಸೊಂಟದ ಚೀಲದಿಂದ ಒಂದು ಎಲೆ ತೆಗೆದು, ಬುಟ್ಟಿಯೊಳಗೆ ಕೈ ಹಾಕಿ, ದೋಸೆಗೆ ಚಟ್ನಿ ಸವರಿದಂತೆ ಎಲೆಯ ತುಂಬ ಸುಣ್ಣ ಸವರಿ, ಮಡಚಿ, ಅಕ್ಕನ ಬಾಯಿಗೆ ತುರುಕಿದಳು.

ಜನ್ಮದಲ್ಲಿ ಎಲೆ ಮುಟ್ಟದವಳು ದೇವೀರಮ್ಮ. ಒಮ್ಮೆ ಅಗಿದಳು ಅಷ್ಟೆ, ಕಣ್ಣು ಕೆಂಡವಾಯಿತು. ನಾಲಿಗೆ ಹೊರಚಾಚಿಕೊಂಡು ಕುಣಿದಳು. ಬುಟ್ಟಿಯನ್ನು ಮೆಟ್ಟಿಲ ಮೇಲೆ ಕುಕ್ಕಿ, ಬಾಯಿ ಮುಕ್ಕಳಿಸಿ ಮುಕ್ಕಳಿಸಿ ಉಗಿದಳು. ತಾಯಮ್ಮ ಎರಡನೆಯ ಎಲೆ ತೆಗೆದು, ಬೆರಳ ತುದಿಯಲ್ಲಿ ಇಷ್ಟೇ ಇಷ್ಟು ಸುಣ್ಣ ಸವರಿ, ಅಡಿಕೆ ಇಟ್ಟು, ಮಡಚಿ ಮುಂದೆ ಹಿಡಿದಳು. ಸುಣ್ಣ ಉಳಿದ ಬೆರಳನ್ನು ಕಂಬದತ್ತ ತೋರಿಸಿದಳು. ನೀರಿನತ್ತ ತೋರಿಸಿ ಬೇಡವೆಂದು ತಲೆಯಾಡಿಸಿದಳು. ದೇವೀರಮ್ಮ ಉರಿಯುವ ಬಾಯಿ ಹಿಡಿದುಕೊಂಡು ತಂಗಿಯನ್ನೇ ನೋಡಿದಳು. ಅರ್ಥವಾಯಿತು. ಊರಿಗೇ ಅರ್ಥವಾಯಿತು. ಅತಿಯಾದರೆ ಅಮೃತವೂ ವಿಷ. ಬುಟ್ಟಿ ಸುಣ್ಣ ಸುರಿದಿದ್ದರೆ, ಆ ನೀರು ಹೊಯ್ದ ಮಡಕೆಗಳಲ್ಲಿ ಉಳಿದಿದ್ದ ಸೀಗಡಿಗಳೆಲ್ಲ ಬೆಂದುಹೋಗುತ್ತಿದ್ದವು. ತಾಯಮ್ಮನ ಸುಣ್ಣದ ಡಬ್ಬಿ ಒಮ್ಮೆ ಉರುಳಿ ಮಡಕೆಗೆ ಬಿದ್ದು ಅವಳ ಹಿಂದಿನ ಸೀಗಡಿ ಕೆಂಪಗೆ ತೇಲಿತ್ತಂತೆ, ಆಮೇಲೆ ನನಗೆ ಹೇಳಿದಳು. ಕಲ್ಲಿಗೆ ಒರೆಸಬೇಕು, ಗಾಳಿಗೆ ಒಣಗಿ ಸುಣ್ಣದ ಉರಿ ಇಳಿಯಬೇಕು, ನೀರು ತಾಗಿ ತಾಗಿ ಇಷ್ಟಿಷ್ಟೇ ಇಳಿಯಬೇಕು.

ದೇವೀರಮ್ಮ ಎರಡನೆಯ ಎಲೆಯನ್ನು ತಂಗಿಯ ಕೈಯಿಂದ ಬಾಯಿಗೆ ತೆಗೆದುಕೊಂಡಳು. ಬುಟ್ಟಿಗೆ ಬೆರಳದ್ದಿ, ಕಂಬದ ಹತ್ತಿರ ಹೋಗಿ, ತಾನೇ ಉಜ್ಜಿ ಹೊಳೆಸಿದ್ದ ಗಿಳಿಯ ಕೊಕ್ಕಿಗೆ ಒರೆಸಿದಳು.

ಆಮೇಲೆ ನಡೆದದ್ದನ್ನು ಹಬ್ಬ ಎನ್ನಬೇಕು. ಹಲ್ಲಿದ್ದವರು, ಇಲ್ಲದವರು, ಎಲೆ ಕಂಡರೆ ಮೂಗು ಮುರಿಯುತ್ತಿದ್ದ ಮೇಷ್ಟರು, ಎಲ್ಲರೂ ಸರದಿಯಲ್ಲಿ ನಿಂತು ಎಲೆ ಹಾಕಿಕೊಂಡು ಕಂಬಕ್ಕೆ ಬೆರಳೊರೆಸಿದರು. ಮುದುಕಿಯರು ಅಡಿಕೆ ಕುಟ್ಟಿ ಕುಟ್ಟಿ ಕೊಟ್ಟರು. ಒಬ್ಬರಿಗೊಬ್ಬರು ಮಾತಿಲ್ಲದವರೂ ಒಬ್ಬರ ಡಬ್ಬಿಗೆ ಇನ್ನೊಬ್ಬರು ಬೆರಳದ್ದಿದರು. ಅಂದಿನಿಂದ ದೇವೀರಮ್ಮ ಬೆಳಗ್ಗೆದ್ದು ಕಂಬಕ್ಕೆ ಬಿಂದಿಗೆ ಬಿಂದಿಗೆ ನೀರೆರೆಯುತ್ತಿದ್ದಳು, ಕೂಸಿಗೆ ಎರೆದಂತೆ. ಮೊದಲು ಗಿಳಿ ಮುಚ್ಚಿತು, ಆಮೇಲೆ ಹೂವು, ಆಮೇಲೆ ಬಳ್ಳಿ. ಸೋಪಿನ ನೊರೆ ಕಡಿಮೆಯಾಗುತ್ತ ಬಂತು. ಬೇಳೆ ಬೇಯುವುದು ತಡವಾಯಿತೆಂದು ಹೆಂಗಸರು ಖುಷಿಯಿಂದ ಗೊಣಗಿದರು.

ಆದರೆ ಸಂಕ್ರಾಂತಿ ಯಾರಿಗಾಗಿಯೂ ಕಾಯುವುದಿಲ್ಲ. ಎಳ್ಳು ಬೀರಿದ್ದೂ ಆಯಿತು, ಕಬ್ಬು ತಿಂದದ್ದೂ ಆಯಿತು. ದೇವೀರಮ್ಮನ ಮಡಕೆಯ ಸೀಗಡಿ ಕದಲದೆ ಕೂತಿತ್ತು. ಬೋರಲಿಂಗಯ್ಯ ಗಾಡಿ ಹೂಡಿದ. ಆಚೆಯವರಿಗೆ ಮಾತು ಕೊಟ್ಟಿದ್ದವನು, ಇನ್ನೂ ತಡಮಾಡುವಂತಿರಲಿಲ್ಲ. ತಾಯಮ್ಮ ಗಾಡಿಯ ಹಿಂಭಾಗದಲ್ಲಿ ಕಾಲು ಇಳಿಬಿಟ್ಟು, ಊರಿಗೆ ಮುಖ ಮಾಡಿ ಕೂತಳು. ದೇವೀರಮ್ಮ ಮಡಕೆಯನ್ನು ಸೊಂಟದ ಮೇಲಿಟ್ಟುಕೊಂಡು ಗಾಡಿಯ ಹಿಂದೆಯೇ ನಡೆದಳು. ಬಾಯಲ್ಲಿ ಎಲೆಅಡಿಕೆ, ಕಣ್ಣು ನೀರಿನ ಮೇಲೆ. ನಾನು ಪಕ್ಕದಲ್ಲಿದ್ದೆ. ಕೆಳಗಿನ ಕೇರಿ ಪೂರ್ತಿ ನಮ್ಮ ಹಿಂದಿತ್ತು. ಎಲ್ಲೆಕಲ್ಲು ಕಾಣಿಸಿತು. ನಾನೂ ಮಡಕೆಯೊಳಗೇ ಇಣುಕುತ್ತ ಹೆಜ್ಜೆ ಹಾಕಿದೆ.

ಕಲ್ಲಿಗೆ ಇನ್ನೊಂದು ಮಾರು ಇರುವಾಗ ಸೀಗಡಿ ಪಕ್ಕಕ್ಕೆ ಮಗುಚಿಕೊಂಡಿತು. ಸತ್ತಿತೆಂದುಕೊಂಡೆ. ದೇವೀರಮ್ಮ ನಿಂತುಬಿಟ್ಟಳು. ಗಾಡಿಯ ಮೇಲೆ ತಾಯಮ್ಮ ಅಕ್ಕನ ಮುಖ ನೋಡಿ ಗಂಡನ ಅಂಗಿ ಜಗ್ಗಿದಳು, ಎತ್ತುಗಳು ಕಲ್ಲಿನ ಪಕ್ಕಕ್ಕೇ ಬಂದು ನಿಂತವು. ಸೀಗಡಿಯ ಮೈ ಬಿಲ್ಲಿನಂತೆ ಬಾಗಿತು. ಕುತ್ತಿಗೆಯ ಹಿಂದೆ ಒಂದು ಸಣ್ಣ ಬಿರುಕು. ಒಂದು ಸಲ ಅಲುಗಿತು. ಇನ್ನೊಂದು ಸಲ. ಮೂರನೆಯದಕ್ಕೆ ಚಟ್ಟನೆ ಹಾರಿ ಈಚೆ ಬಂತು. ಅದರ ಪೊರೆ, ಮೀಸೆ ಸಮೇತ, ಕಾಲು ಸಮೇತ, ಇಡಿಯಾಗಿ ನೀರಲ್ಲಿ ತೇಲಿತು.

"ಬಿಡ್ತು!" ಎಂದು ನಾನು ಕಿರುಚಿದೆ.

ದೇವೀರಮ್ಮ ಬಾಯಿ ತೆರೆಯಲು ಹೋದಳು. ಬಾಯಿ ತುಂಬ ಎಲೆಅಡಿಕೆ. ದಾರಿಯಲ್ಲಿ ಉಗಿಯುವ ಹೆಂಗಸೇ ಅವಳು? ಇಷ್ಟು ತಿಂಗಳು ನಾಲಿಗೆ ಕಟ್ಟಿತ್ತು, ಈಗ ಬಿಚ್ಚಿಕೊಂಡರೆ ಜಾಗವಿಲ್ಲ. ಕಣ್ಣು ಮುಚ್ಚಿ ಅಷ್ಟನ್ನೂ ಗಟಗಟ ನುಂಗಿದಳು.

"ತಾಯೀ," ಎಂದಳು. "ಇಳಿಯೇ ಕೆಳಗೆ. ತಪ್ಪಾಯ್ತು ಕಣೇ ನಂದು."

ತಾಯಮ್ಮ ಗಾಡಿಯಿಂದ ಧುಮುಕಿ ಅಕ್ಕನ ಕುತ್ತಿಗೆಗೆ ಜೋತುಬಿದ್ದಳು. ನಾನು ಮಡಕೆ ಹಿಡಿದುಕೊಳ್ಳದಿದ್ದರೆ ಅದು ಒಡೆದೇ ಹೋಗುತ್ತಿತ್ತು. "ಅಕ್ಕಾ, ಬಾಯೆಲ್ಲ ಕೆಂಪಾಗಿದೆ ನಿಂದು," ಎಂದು ಅಳುತ್ತ ನಕ್ಕಳು.

"ಯಾರಿಂದಾಯ್ತೇ? ನಿನ್ನಿಂದಲೇ! ಈಗ ಇದಿಲ್ದೆ ನಿದ್ದೆ ಬರಲ್ಲ ನನಗೆ."

ಎಲ್ಲವೂ ಅದೇ ನೀರಿನ ಮಡಕೆಗಳಲ್ಲವೇ, ಆ ಗಳಿಗೆಗೇ ಮನೆಮನೆಯಲ್ಲೂ ಸೀಗಡಿಗಳು ಪೊರೆ ಬಿಟ್ಟಿರಬೇಕು, ಬೆನ್ನ ಹಿಂದೆ ಊರಿನೊಳಗಿಂದ ಒಂದು ಗಂಡು ಧ್ವನಿ ಎದ್ದಿತು: "ಸಾರಿಗೆ ಉಪ್ಪು ಕಡಿಮೆ ಕಣೇ!" ಅದಕ್ಕೆ ಉತ್ತರವಾಗಿ ಹೆಂಗಸಿನ ಧ್ವನಿ. ಇನ್ನೊಂದು ಮನೆಯಿಂದ ನಗು, ಮತ್ತೊಂದರಿಂದ ಬೈಗುಳ, ಆಮೇಲೆ ಯಾವುದು ಯಾರದೆಂದು ತಿಳಿಯದಂತೆ ಊರಿಗೆ ಊರೇ ಒಟ್ಟಿಗೆ ಮಾತಾಡಿತು. ನಮ್ಮ ಹಿಂದೆ ನಿಂತಿದ್ದವರೂ ಒಬ್ಬೊಬ್ಬರಾಗಿ ಪಕ್ಕದವರತ್ತ ತಿರುಗಿ ಶುರುಹಚ್ಚಿಕೊಂಡರು. ಅಂಥ ಗದ್ದಲವನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ನನ್ನ ಕೆಲಸ ಹೋಯಿತೆಂದು ತಿಳಿದೂ ಆನಂದದಿಂದ ಅತ್ತುಬಿಟ್ಟೆ.

ಅಕ್ಕತಂಗಿಯರು ಎಲ್ಲೆಕಲ್ಲಿನ ಬುಡದಲ್ಲಿ ಕೂತು ಮಾತಿಗಿಳಿದರು. ಬಿಸಿಲೇರಿತು. ಬೋರಲಿಂಗಯ್ಯ ಎತ್ತು ಬಿಚ್ಚಿ ಮೇಯಲು ಬಿಟ್ಟ. ಮಂಡಿನೋವು ಮುಗಿದು ಮಗಳ ಬಸಿರಿಗೆ ಬಂದರು, ಅದು ಮುಗಿದು ತಾಯಿ ಸತ್ತ ವರ್ಷಕ್ಕೆ ಹೋದರು. ಗಾಡಿ ಅವತ್ತು ಹೊರಡಲಿಲ್ಲ, ಮಾರನೆಯ ದಿನ ಹೊರಟಿತು. ಬೀಳ್ಕೊಡುವಾಗ ತಾಯಮ್ಮ ಒಂದು ಎಲೆ ಮಡಚಿ ಅಕ್ಕನ ಬಾಯಿಗಿಟ್ಟು, ಇನ್ನೊಂದನ್ನು ತಾನು ಹಾಕಿಕೊಂಡಳು. ಗಾಡಿ ಎಲ್ಲೆ ದಾಟಿ ಘಟ್ಟದ ತಿರುವಿನಲ್ಲಿ ಮರೆಯಾಗುವವರೆಗೂ ಇಬ್ಬರೂ ಕೂಗಿಕೂಗಿ ಮಾತಾಡುತ್ತಲೇ ಇದ್ದರು. ಆಮೇಲೆ ದೇವೀರಮ್ಮ ತನ್ನ ಸುಣ್ಣದ ಬೆರಳನ್ನು ನೋಡಿಕೊಂಡಳು, ಅತ್ತಿತ್ತ ನೋಡಿದಳು, ಎಲ್ಲೆಕಲ್ಲಿಗೆ ಒರೆಸಿ ಮನೆಗೆ ನಡೆದಳು.